ಗೊಡ್ಡೆಂದು ದೂರುವ ಮುನ್ನ ಹಸುವಿನ ಮೈ ನೋಡಿರಿ

ಹಸು ಸಾಕಿದ ಮನೆಯಲ್ಲಿ ಯಾರೂ ಕೇಳಬಯಸದ ಮಾತೊಂದಿದೆ. ಅದು ‘ಗೊಡ್ಡು’ ಎಂಬ ಮಾತು. ಎರಡು ಮೂರು ಸಲ ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಲ್ಲದ ಹಸುವಿಗೆ ಈ ಹೆಸರು ಒಮ್ಮೆ ಅಂಟಿಕೊಂಡಿತೆಂದರೆ, ಮನೆಮಂದಿಯ ಕಣ್ಣಿನಲ್ಲಿ ಅದರ ಬೆಲೆ ಇಳಿದುಹೋಗುತ್ತದೆ. ಹಸುವಿನ ಹಣೆಬರಹವೆಂದು ಕೆಲವರು, ಡಾಕ್ಟರ ಕೈಗುಣವೆಂದು ಕೆಲವರು, ದೃಷ್ಟಿ ತಾಗಿತೆಂದು ಮತ್ತೆ ಕೆಲವರು ಹೇಳುತ್ತಾರೆ. ಕೊನೆಗೆ ಅದು ಅರ್ಧ ಬೆಲೆಗೆ ಸಂತೆಯ ಪಾಲಾಗುತ್ತದೆ. ಆದರೆ ಹೀಗೆ ಗೊಡ್ಡೆನಿಸಿಕೊಂಡ ಹಸುಗಳಲ್ಲಿ ಎಷ್ಟೋ ಹಸುಗಳು ನಿಜವಾಗಿ ಗೊಡ್ಡಲ್ಲ, ಹಸಿದವು. ಅವುಗಳ ಗರ್ಭಕೋಶದಲ್ಲಿ ದೋಷವಿಲ್ಲ, ಮೈಯಲ್ಲಿ ಸತ್ವವಿಲ್ಲ. ಈ ಒಂದು ವಿಷಯವನ್ನು ವಾಚಕ ಬಂಧುಗಳ ಗಮನಕ್ಕೆ ತರಬೇಕೆಂಬುದೇ ಪ್ರಸ್ತುತ ಲೇಖನದ ಉದ್ದೇಶ.

ನಗರವಾಸಿಗಳಿಗೆ ಹಸುವಿನ ಚಿಂತೆ ಏಕೆಂದು ಯಾರಾದರೂ ಕೇಳಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ಬೇರು ಮಾಗಡಿ, ನೆಲಮಂಗಲ, ತುಮಕೂರು ಸೀಮೆಯ ಊರುಗಳಲ್ಲಿದೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಊರಿನಲ್ಲಿಯೇ ಉಳಿದು, ಎರಡು ಮೂರು ಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿರುತ್ತಾರೆ. ಹಸು ಕೊಳ್ಳಲು ಬೇಕಾದ ಹಣ ಎಷ್ಟೋ ವೇಳೆ ನಗರದ ಸಹೋದರನ ಸಂಬಳದಿಂದಲೇ ಹೋಗುತ್ತದೆ. ಇತ್ತ ಕೆಂಗೇರಿಗೆ 2021ರಲ್ಲಿ ಮೆಟ್ರೊ ರೈಲು ಬಂದಿತು. ಆದರೂ ಅಲ್ಲಿಂದ ಸೂಲಿಕೆರೆ, ರಾಮೋಹಳ್ಳಿ, ತಾವರೆಕೆರೆಗಳ ಕಡೆಗೆ ನಾಲ್ಕು ಮೈಲಿ ಸಾಗಿದರೆ ಕೊಟ್ಟಿಗೆಗಳು ಇಂದಿಗೂ ಕಾಣಸಿಗುತ್ತವೆ. ಹಿಂದೆ ದನ ಮೇಯುತ್ತಿದ್ದ ಬಯಲುಗಳು ಬಡಾವಣೆಗಳಾಗಿ, ಹಸು ಹಗಲಿರುಳೂ ಗೂಟದಲ್ಲಿಯೇ ನಿಲ್ಲುವಂತಾಗಿದೆ. ಮೇಯಲು ಹೋಗುತ್ತಿದ್ದ ಹಸು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಕಟ್ಟಿದ ಹಸು ನಾವು ಹಾಕಿದುದನ್ನಷ್ಟೇ ತಿನ್ನಬಲ್ಲದು. ಆದುದರಿಂದ ಅದರ ಮೈ ಕಾಯುವ ಹೊಣೆಯೂ ಪೂರ್ತಿಯಾಗಿ ನಮ್ಮದೇ ಆಯಿತು.

ಬೀಜ ಒಳ್ಳೆಯದಾಯಿತು, ಹೊಲ?

ಗೋತಳಿಯ ಸುಧಾರಣೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆಯು ಮೊಟ್ಟಮೊದಲು ನಡೆದುದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ. ಸಂಪತ್ ಕುಮಾರನ್ ಎಂಬ ತಜ್ಞರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಬಳಸಿ 33 ಹಳ್ಳಿಕಾರ್ ಹಸುಗಳು ಗಬ್ಬವಾಗುವಂತೆ ಮಾಡಿದರೆಂದು ಪಶುವೈದ್ಯ ಗ್ರಂಥಗಳು ದಾಖಲಿಸುತ್ತವೆ. ಮುಂದೆ ಡೆನ್ಮಾರ್ಕ್ ದೇಶದ ನೆರವಿನಿಂದ ನಮ್ಮ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಉತ್ಪಾದನೆ ಆರಂಭವಾಯಿತು. ಆಡುಗೋಡಿಯಲ್ಲಿ 1995ರಲ್ಲಿ ಪಶು ಪೋಷಣೆ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ಇತ್ತೀಚಿನ ವರ್ಷಗಳಲ್ಲಿ ಹೆಣ್ಣು ಕರುವೇ ಹುಟ್ಟುವ ಸಂಭವ ಹೆಚ್ಚಿರುವಂತೆ ವಿಂಗಡಿಸಿದ ವೀರ್ಯವೂ ರೈತರ ಬಾಗಿಲಿಗೆ ಬಂದಿದೆ.

ಹೀಗೆ ಬೀಜ ಉತ್ತಮವಾಗುತ್ತ ಬಂದಿತು. ಆದರೆ ಬೀಜ ಎಷ್ಟೇ ಒಳ್ಳೆಯದಿರಲಿ, ಹದವಿಲ್ಲದ ಹೊಲದಲ್ಲಿ ಮೊಳೆಯದೆಂಬುದನ್ನು ಒಕ್ಕಲುತನ ಬಲ್ಲ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಬಡಕಲು ಹಸುವಿಗೆ ದುಬಾರಿ ವೀರ್ಯ ಹಾಕಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದಂತೆ. ಹೆಣ್ಣು ಕರುವಿಗಾಗಿ ವಿಂಗಡಿಸಿದ ವೀರ್ಯವಂತೂ ಸಾಮಾನ್ಯ ವೀರ್ಯಕ್ಕಿಂತ ಕಡಿಮೆ ಪ್ರಮಾಣದಲ್ಲಿ ಗರ್ಭ ಕಟ್ಟುವಂತಹುದಾದ್ದರಿಂದ, ಅದನ್ನು ಹಾಕಿಸುವ ಹಸು ಇನ್ನಷ್ಟು ಪುಷ್ಟವಾಗಿರಬೇಕಾಗುತ್ತದೆ.

ವರ್ಷಕ್ಕೊಂದು ಕರುವಿನ ಲೆಕ್ಕ

ಹಸುವಿನ ಗರ್ಭಕಾಲ ಸುಮಾರು 280 ದಿನಗಳು. ವರ್ಷದ 365 ದಿನಗಳಲ್ಲಿ ಇದನ್ನು ಕಳೆದರೆ ಉಳಿಯುವುದು 85 ದಿನಗಳು. ವರ್ಷಕ್ಕೊಂದು ಕರು ಬೇಕೆಂದರೆ, ಕರು ಹಾಕಿದ 85 ದಿನಗಳೊಳಗಾಗಿ ಹಸು ಮತ್ತೆ ಗಬ್ಬವಾಗಬೇಕು. ಇದರಲ್ಲಿ ಮೊದಲ 45ರಿಂದ 60 ದಿನಗಳು ಗರ್ಭಕೋಶವು ಕುಗ್ಗಿ ಶುದ್ಧವಾಗಲು ಬೇಕಾದವು. ಹಾಗಾದರೆ ರೈತನ ಕೈಯಲ್ಲಿ ಉಳಿಯುವುದು ಒಂದೆರಡು ಬೆದೆಗಳು ಮಾತ್ರ. ಬೆದೆ ಬರುವುದು 21 ದಿನಗಳಿಗೊಮ್ಮೆ. ಒಂದು ಬೆದೆ ತಪ್ಪಿದರೆ 21 ದಿನ, ಮೂರು ಬೆದೆ ತಪ್ಪಿದರೆ 63 ದಿನ ಹಿಂದೆ ಬಿದ್ದಂತೆ. ಅಷ್ಟು ದಿನಗಳ ಮೇವು, ಹಿಂಡಿ, ಆಳಿನ ಕೂಲಿ ಎಲ್ಲವೂ ಕೈಯಿಂದಲೇ ಹೋಗಬೇಕು. ಮುಂದಿನ ಹಾಲಾದರೋ ಅಷ್ಟು ದಿನ ದೂರ ಸರಿಯುತ್ತದೆ. ನೂರು ಹಸುಗಳ ಫಾರಂನವರು ಇದನ್ನು ತಡೆದುಕೊಂಡಾರು; ಎರಡೇ ಹಸುಗಳ ಮನೆಯಲ್ಲಿ ಒಂದು ತಪ್ಪಿದರೆ ಸಂಸಾರದ ಅರ್ಧ ವರಮಾನ ತಪ್ಪಿದಂತೆಯೇ.

ಸೊರಗಿದ ಹಸುವಿಗೆ ಗಬ್ಬ ಏಕೆ ನಿಲ್ಲದು?

ಕರು ಹಾಕಿದ ಕೂಡಲೇ ಹಸುವಿನ ಹಾಲು ವಾರದಿಂದ ವಾರಕ್ಕೆ ಏರುತ್ತದೆ. ಆದರೆ ಅದರ ಹಸಿವೆಯು ಅಷ್ಟೇ ವೇಗದಲ್ಲಿ ಏರುವುದಿಲ್ಲ. ತಿಂದುದಕ್ಕಿಂತ ಹೆಚ್ಚನ್ನು ಕೆಚ್ಚಲಿಗೆ ಕೊಡಬೇಕಾದಾಗ, ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲಾಗಿಸುತ್ತದೆ. ಇದು ಪ್ರಕೃತಿನಿಯಮ, ಸ್ವಲ್ಪ ಮಟ್ಟಿಗೆ ಎಲ್ಲ ಹಸುಗಳಲ್ಲಿಯೂ ನಡೆಯುವಂತಹುದು. ಆದರೆ ಕರಗಿಸಲು ಮೈಯಲ್ಲಿ ಏನೂ ಇಲ್ಲದಿದ್ದರೆ, ಅಥವಾ ಕರಗುವಿಕೆ ಮಿತಿ ಮೀರಿದರೆ, ಶರೀರವು ಒಂದು ತೀರ್ಮಾನ ಕೈಗೊಳ್ಳುತ್ತದೆ. ತನ್ನ ಪ್ರಾಣ ಮೊದಲು, ಹುಟ್ಟಿದ ಕರುವಿಗೆ ಹಾಲು ಆನಂತರ, ಇನ್ನೂ ಹುಟ್ಟದ ಕರು ಎಲ್ಲಕ್ಕೂ ಕೊನೆಗೆ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಅಂಡಾಶಯಕ್ಕೆ ಹೋಗಬೇಕಾದ ಹಾರ್ಮೋನಿನ ಮಿಡಿತಗಳು ಆಗ ವಿರಳವಾಗುತ್ತವೆ. ಅಂಡವು ಪೂರ್ಣವಾಗಿ ಬಲಿಯುವುದಿಲ್ಲ. ಬೆದೆಯ ಲಕ್ಷಣಗಳು ಕಾಣುವುದೇ ಇಲ್ಲ. ಕಂಡರೂ ಮಂದವಾಗಿದ್ದು, ಕೂಗದೆ ಲೋಳೆ ಕಾಣದೆ ರಾತ್ರಿಯಲ್ಲಿಯೇ ಕಳೆದುಹೋಗುತ್ತವೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಮರೆಯಲಾಗದು. ಅಂಡವು ಬೆಳೆದು ಪಕ್ವವಾಗುವುದು ಒಂದೆರಡು ದಿನಗಳ ಕೆಲಸವಲ್ಲ. ಅದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಕರು ಹಾಕಿದ 70ನೆಯ ದಿನ ನಾವು ಗರ್ಭಧಾರಣೆ ಮಾಡಿಸುವ ಅಂಡವು, ಹಸು ಅತ್ಯಂತ ಸೊರಗಿದ್ದ ಮೊದಲ ವಾರಗಳಲ್ಲಿ ಬೆಳೆದದ್ದು. ಆದುದರಿಂದ ಇಂಜೆಕ್ಷನ್ ಹಾಕಿಸುವ ವಾರದಲ್ಲಿ ಎರಡು ಸೇರು ಹಿಂಡಿ ಹೆಚ್ಚು ಕೊಟ್ಟರೆ ಸಾಕೆಂಬ ಎಣಿಕೆ, ನೀರಡಿಕೆಯಾದಾಗ ಬಾವಿ ತೋಡಿದಂತೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬಟ್ಲರ್ ಮತ್ತು ಸ್ಮಿತ್ ಎಂಬ ವಿದ್ವಾಂಸರು 1989ರಲ್ಲಿ ಪ್ರಕಟಿಸಿದ ಲೇಖನದ ಅಂಕಿಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. ಮೈಕಟ್ಟಿಗೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿಯಲ್ಲಿ, ಕರು ಹಾಕಿದ ಮೊದಲ ಐದು ವಾರಗಳಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ ಇಳಿದ ಹಸುಗಳಲ್ಲಿ ಮೊದಲ ಗರ್ಭಧಾರಣೆಗೇ ಶೇಕಡ 65ರಷ್ಟು ಗಬ್ಬವಾದವು. ಅರ್ಧದಿಂದ ಒಂದು ಅಂಕದವರೆಗೆ ಇಳಿದವುಗಳಲ್ಲಿ ಶೇಕಡ 53. ಒಂದು ಅಂಕಕ್ಕಿಂತ ಹೆಚ್ಚು ಇಳಿದವುಗಳಲ್ಲಿ ಕೇವಲ ಶೇಕಡ 17. ಪರೀಕ್ಷಿಸಿದ ಹಸುಗಳ ಸಂಖ್ಯೆ ದೊಡ್ಡದಲ್ಲ, ಅವು ನಮ್ಮ ನೆಲದ ಹಸುಗಳೂ ಅಲ್ಲ. ಆದುದರಿಂದ ಅಂಕಿಗಳನ್ನು ನಮ್ಮ ಕೊಟ್ಟಿಗೆಗೆ ಹಾಗೆಯೇ ಅನ್ವಯಿಸಬೇಕಾಗಿಲ್ಲ. ಅವು ತೋರುವ ದಾರಿಯನ್ನು ಮಾತ್ರ ಮರೆಯಬಾರದು.

ಕೈಯಿಂದ ಮೈ ಓದುವ ವಿಧಾನ

ಈ ಅಂಕ ಕೊಡುವುದಕ್ಕೆ ಯಂತ್ರ ಬೇಡ, ತಕ್ಕಡಿ ಬೇಡ. ಕಣ್ಣು ಮತ್ತು ಕೈ ಸಾಕು. ಹಸುವನ್ನು ಸಮನೆಲದಲ್ಲಿ ನಿಲ್ಲಿಸಿ ಮೊದಲು ಹಿಂದಿನಿಂದಲೂ ಅನಂತರ ಪಕ್ಕದಿಂದಲೂ ನೋಡಬೇಕು. ಬೆನ್ನೆಲುಬು, ಸೊಂಟದ ಬಳಿ ಅಡ್ಡಲಾಗಿ ಚಾಚಿರುವ ಗಿಡ್ಡ ಎಲುಬುಗಳು, ಚಪ್ಪೆಯ ಎರಡು ಮೂಳೆಗಳು, ಬಾಲದ ಬುಡದ ಎರಡು ಪಕ್ಕಗಳ ಗುಳಿ, ಇವುಗಳ ಮೇಲೆ ಅಂಗೈ ಇಟ್ಟು ಮೆಲ್ಲನೆ ಒತ್ತಿ ನೋಡಬೇಕು.

ಬೆನ್ನೆಲುಬಿನ ಗಂಟುಗಳು ಗರಗಸದ ಹಲ್ಲಿನಂತೆ ಎದ್ದು, ಅಡ್ಡ ಎಲುಬಿನ ತುದಿಗಳನ್ನು ದೂರದಿಂದಲೇ ಒಂದೊಂದಾಗಿ ಎಣಿಸಬಹುದಾಗಿದ್ದರೆ, ಬಾಲದ ಬುಡದಲ್ಲಿ ಆಳವಾದ ಗುಳಿ ಬಿದ್ದಿದ್ದರೆ, ಅದು 1. ಎಲುಬುಗಳು ಕಾಣುತ್ತಿದ್ದರೂ ಅವುಗಳ ಅಂಚು ತುಸು ದುಂಡಾಗಿದ್ದರೆ 2. ಎಲುಬುಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣದೆ, ಹಗುರವಾಗಿ ಒತ್ತಿದಾಗ ಕೈಗೆ ಸಿಗುವಂತಿದ್ದು, ಗುಳಿಯು ಆಳವಿಲ್ಲದಿದ್ದರೆ 3. ಬಲವಾಗಿ ಒತ್ತಿದರೆ ಮಾತ್ರ ಎಲುಬು ತಿಳಿಯುವುದಾದರೆ 4. ಎಲುಬೇ ಸಿಗದಂತೆ ಕೊಬ್ಬು ಮುಚ್ಚಿ, ಬಾಲದ ಬುಡದಲ್ಲಿ ಮಡಿಕೆ ಬಿದ್ದಿದ್ದರೆ 5. ನಡುವಿನ ಸ್ಥಿತಿಗೆ ಅರ್ಧ ಅಂಕವನ್ನು ಸೇರಿಸಿಕೊಳ್ಳಬಹುದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳುವುದು ಉಚಿತ. ಮೊದಲನೆಯದಾಗಿ, ಹೊಟ್ಟೆಯನ್ನು ನೋಡಿ ಮೋಸಹೋಗಬಾರದು. ಬರಿಯ ಒಣಹುಲ್ಲು ತಿಂದ ಹೊಟ್ಟೆ, ಗಬ್ಬದ ಹೊಟ್ಟೆ, ಜಂತುಹುಳು ತುಂಬಿದ ಹೊಟ್ಟೆ ಮೂರೂ ದೊಡ್ಡದಾಗಿಯೇ ಕಾಣುತ್ತವೆ. ಸತ್ಯ ಹೇಳುವುದು ಬೆನ್ನು ಮತ್ತು ಬಾಲದ ಬುಡ. ಎರಡನೆಯದಾಗಿ, ಹಳ್ಳಿಕಾರ್ ಹಸು ಉಳುಮೆಯ ತಳಿಗೆ ಸೇರಿದ್ದು, ಹುಟ್ಟಿನಿಂದಲೇ ಬಿಗಿ ಮೈಯದು. ಮಿಶ್ರತಳಿಯ ಹಸುವಿನ ಎಲುಬಿನ ಅಗಲವೇ ಬೇರೆ. ಒಂದು ಹಸುವನ್ನು ಇನ್ನೊಂದರೊಡನೆ ಹೋಲಿಸುವುದಕ್ಕಿಂತ, ಅದೇ ಹಸುವನ್ನು ಅದರ ಹಿಂದಿನ ತಿಂಗಳಿನೊಡನೆ ಹೋಲಿಸುವುದು ಮೇಲು.

ಹಾಲು ಬತ್ತಿಸುವಾಗ, ಕರು ಹಾಕಿದಾಗ, ಅದಾದ ಒಂದು ತಿಂಗಳಿಗೆ, ಗರ್ಭಧಾರಣೆ ಮಾಡಿಸುವಾಗ, ಹೀಗೆ ನಾಲ್ಕು ಸಲ ನೋಡಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡರೆ ಸಾಕು. ಕರು ಹಾಕುವಾಗ ಹಸು 3ರಿಂದ 3.5ರಲ್ಲಿರಬೇಕು. ಆಮೇಲಿನ ಇಳಿತ ಅರ್ಧ ಅಂಕವನ್ನು ಮೀರಬಾರದು. ಗರ್ಭಧಾರಣೆಯ ವೇಳೆಗೆ 2.5ಕ್ಕಿಂತ ಕೆಳಗಿರಬಾರದು.

ಹಾಲಿಲ್ಲದ ಎರಡು ತಿಂಗಳು

ಈಗ ಮುಖ್ಯ ವಿಚಾರಕ್ಕೆ ಬರೋಣ. ಹಸು ಸೊರಗುವುದು ಯಾವಾಗ? ನಾವು ಕಂಡ ಮಟ್ಟಿಗೆ, ಬಹುಪಾಲು ಮನೆಗಳಲ್ಲಿ ಅದು ಆರಂಭವಾಗುವುದು ಹಾಲು ಬತ್ತಿದ ದಿನದಿಂದ. ‘ಹಾಲೇ ಇಲ್ಲದ ಹಸುವಿಗೆ ಹಿಂಡಿ ಏಕೆ?’ ಎಂಬ ಮಾತು ನಮ್ಮ ಕಿವಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಇದನ್ನು ಜಿಪುಣತನವೆಂದು ಹಳಿಯುವುದು ಸರಿಯಲ್ಲ. ಹಿಂಡಿ, ಬೂಸಾ, ಪಶು ಆಹಾರ ಇವೆಲ್ಲ ಬರುವುದು ಡೈರಿಯ ಬಟವಾಡೆಯ ಹಣದಿಂದ. ಹಾಲು ನಿಂತರೆ ಬಟವಾಡೆಯೂ ನಿಲ್ಲುತ್ತದೆ. ಬಟವಾಡೆ ನಿಂತರೆ ಗೋದಲಿಯಲ್ಲಿ ಉಳಿಯುವುದು ಒಣಹುಲ್ಲು ಮಾತ್ರ. ಹೊಟ್ಟೆಯೊಳಗಿನ ಕರು ಅತಿ ವೇಗವಾಗಿ ಬೆಳೆಯುವ ಕೊನೆಯ ಎರಡು ತಿಂಗಳಲ್ಲಿಯೇ ತಾಯಿಯ ಆಹಾರ ಕಡಿಮೆಯಾಗುವುದು ಹೀಗೆ. ಹಸು 2ಕ್ಕೆ ಇಳಿದು ಕರು ಹಾಕುತ್ತದೆ, ಹಾಲು ಏರುವಾಗ ಇನ್ನೂ ಇಳಿಯುತ್ತದೆ, ಬೆದೆ ತಪ್ಪುತ್ತದೆ, ಆಗ ಇಂಜೆಕ್ಷನ್ನಿಗೆ, ಔಷಧಕ್ಕೆ ಹಣ ಸುರಿಯುವ ಸರದಿ ಬರುತ್ತದೆ.

ಆದುದರಿಂದ ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ, ಆ ಎರಡು ತಿಂಗಳು ವಾಡಿಕೆಯ ಮೇವಿನ ಮೇಲೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಪಶು ಆಹಾರ ಕೊಡಬೇಕೆಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ನಿಯಮ. ಒಂದೂವರೆ ಕಿಲೋದಂತೆ 60 ದಿನಕ್ಕೆ 90 ಕಿಲೋ. ಎಂದರೆ 50 ಕಿಲೋದ ಎರಡು ಮೂಟೆಗಳಿಗೂ ಕಡಿಮೆ. ಮೂರು ಬೆದೆ ತಪ್ಪಿ 63 ದಿನ ಹಸುವನ್ನು ಸುಮ್ಮನೆ ಸಾಕುವ ಖರ್ಚಿನ ಪಕ್ಕದಲ್ಲಿ ಈ ಎರಡು ಮೂಟೆಗಳ ಬೆಲೆಯನ್ನು ಇಟ್ಟು ನೋಡಿದರೆ ಯಾವುದು ಲಾಭವೆಂಬುದು ತಾನಾಗಿ ತಿಳಿಯುತ್ತದೆ.

ಕರು ಹಾಕಿದ ಮೇಲೆ ಆಹಾರವನ್ನು ಒಮ್ಮೆಲೇ ಏರಿಸದೆ, ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಮೈ ಕಾಯಲು ಒಂದೂವರೆ ಎರಡು ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬುದು ಸರಳ ಲೆಕ್ಕ. ಒಣಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ನಮ್ಮ ರಾಗಿ ಹುಲ್ಲು ಮೇಲು. ಆದರೆ ಅದೊಂದೇ ಸಾಲದು. ನೇಪಿಯರ್ ಹುಲ್ಲು, ಜೋಳದ ಹಸಿ ಮೇವು, ಬೇಲಿಯಲ್ಲಿ ಬೆಳೆದ ಅಗಸೆ ಸೊಪ್ಪು, ಅಲಸಂದೆ ಬಳ್ಳಿ ಮುಂತಾದವುಗಳಿಂದ ದಿನಕ್ಕೆ 15ರಿಂದ 20 ಕಿಲೋ ಹಸಿರು ದೊರೆಯಬೇಕು. ಖನಿಜ ಮಿಶ್ರಣ 30ರಿಂದ 50 ಗ್ರಾಂ ಪ್ರತಿದಿನವೂ ಬೇಕು. ರಂಜಕ, ತಾಮ್ರ, ಸತುವುಗಳ ಕೊರತೆಯಿಂದಲೂ ಬೆದೆ ತಪ್ಪುತ್ತದೆ. ಆಯಾ ಪ್ರದೇಶದ ಮೇವಿನಲ್ಲಿರುವ ಕೊರತೆಗೆ ತಕ್ಕಂತೆ ಖನಿಜ ಮಿಶ್ರಣಗಳನ್ನು ಆಡುಗೋಡಿಯ ಸಂಸ್ಥೆಯು ರೂಪಿಸಿದೆ. ಕೆಂಗೇರಿಯ ಆಚೆ ವೃಷಭಾವತಿಯ ದಡದಲ್ಲಿ ವರ್ಷವಿಡೀ ಹಸಿರಾಗಿ ಬೆಳೆಯುವ ಹುಲ್ಲನ್ನು ಕಂಡು ಆಸೆಪಡುವವರಿದ್ದಾರೆ; ಆ ನದಿಯಲ್ಲಿ ಹರಿಯುವುದು ನಗರದ ಕೊಳಚೆ ಮತ್ತು ಕಾರ್ಖಾನೆಗಳ ನೀರೆಂಬುದನ್ನು ನೆನಪಿನಲ್ಲಿಡಬೇಕು. ಹುಲ್ಲಿನ ಬಣ್ಣ ಹಸಿರಾದ ಮಾತ್ರಕ್ಕೆ ಅದು ಒಳ್ಳೆಯ ಮೇವಾಗದು.

ಕಡಸುಗಳ ವಿಷಯದಲ್ಲಿಯೂ ಇದೇ ನ್ಯಾಯ. ವಯಸ್ಸು ನೋಡಿ ಗರ್ಭಧಾರಣೆ ಮಾಡಿಸಬಾರದು, ತೂಕ ನೋಡಿ ಮಾಡಿಸಬೇಕು. ಮಿಶ್ರತಳಿಯ ಕಡಸು ಸುಮಾರು 250 ಕಿಲೋ ತೂಗಬೇಕು. ಕರುವಾಗಿದ್ದಾಗ ಹಾಲು ಸಾಲದೆ ಕುಗ್ಗಿದ ಕಡಸು, ಮೂರು ವರ್ಷ ತುಂಬಿದರೂ ಬೆದೆಗೆ ಬಾರದೆ ನಿಂತರೆ ಆಶ್ಚರ್ಯವೇನೂ ಇಲ್ಲ.

ಅತಿಯಾದರೂ ಕೇಡು

ಮೈ ತುಂಬಲಿ ಎಂದು 4, 5ರವರೆಗೆ ಕೊಬ್ಬಿಸುವುದೂ ತಪ್ಪು. ಅಂತಹ ಹಸು ಕರು ಹಾಕುವಾಗ ಕಷ್ಟಪಡುತ್ತದೆ. ಹಾಕಿದ ಮೇಲೆ ಮೇವು ಬಿಡುತ್ತದೆ. ಕೊಬ್ಬು ಒಮ್ಮೆಲೇ ಕರಗಿ ಯಕೃತ್ತಿಗೆ ಸೇರಿ ಕಾಯಿಲೆ ಬೀಳುತ್ತದೆ. ಕೊನೆಗೆ ಅದರ ಗತಿಯೂ ಬಡಕಲು ಹಸುವಿನದೇ.

ಈ ಸಂದರ್ಭದಲ್ಲಿ ನಗರದ ಭಕ್ತರಿಗೆ ಒಂದು ಮಾತನ್ನು ಹೇಳದಿರಲಾಗದು. ಮದುವೆಯ ಛತ್ರದಲ್ಲಿ, ದಾಸೋಹದ ಮನೆಯಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆಗಳನ್ನು ಹಸುವಿನ ಮುಂದೆ ಸುರಿಯುವುದು ಪುಣ್ಯಕಾರ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಸುವಿನ ಹೊಟ್ಟೆ ಹುಲ್ಲಿಗಾಗಿ ಆದುದು. ಬೆಂದ ಅನ್ನ, ಸಿಹಿ ಪದಾರ್ಥ ಒಮ್ಮೆಲೇ ರಾಶಿಯಾಗಿ ಬಿದ್ದರೆ ಅದು ಒಳಗೆ ಹುಳಿತು, ಹಸು ಮೇವು ಬಿಟ್ಟು ಮಲಗುತ್ತದೆ, ಪ್ರಾಣವೂ ಹೋಗಬಹುದು. ಒಂದು ತುತ್ತು ಕೊಡುವ ಭಕ್ತಿಗೆ ಯಾರ ಅಡ್ಡಿಯೂ ಇಲ್ಲ. ಆದರೆ ಕೊಪ್ಪರಿಗೆಯನ್ನು ತೊಳೆದು ಸುರಿಯುವುದು ದಾನವಲ್ಲ. ಅಷ್ಟೇ ಹಣದಲ್ಲಿ ಒಂದು ಹೊರೆ ಹಸಿರು ಮೇವನ್ನೋ ಒಂದು ಮೂಟೆ ಬೂಸಾವನ್ನೋ ತಲುಪಿಸಿದರೆ ಅದು ಹಸುವಿನ ಮೈಗೆ ಸೇರುತ್ತದೆ.

ವೈದ್ಯರನ್ನು ಕರೆಯಬೇಕಾದಾಗ

ಎಲ್ಲ ಬಂಜೆತನಕ್ಕೂ ಹಸಿವೇ ಕಾರಣವೆಂದು ಯಾರೂ ಭಾವಿಸಬಾರದು. ಸೊರಗಿದ ಹಸು ಸಾಮಾನ್ಯವಾಗಿ ಬೆದೆಗೇ ಬರುವುದಿಲ್ಲ. ಮೈ ಚೆನ್ನಾಗಿದ್ದು, 21 ದಿನಗಳಿಗೊಮ್ಮೆ ತಪ್ಪದೆ ಬೆದೆಗೆ ಬಂದು, ಮೂರು ಸಲ ಗರ್ಭಧಾರಣೆ ಮಾಡಿಸಿದರೂ ನಿಲ್ಲದಿದ್ದರೆ ಅದು ಬೇರೆಯೇ ತೊಂದರೆ, ವೈದ್ಯರೇ ಪರೀಕ್ಷಿಸಬೇಕು. ಕರು ಹಾಕಿ ಒಂದು ದಿನ ಕಳೆದರೂ ಮಾಸು ಬೀಳದಿದ್ದರೆ, ಬೆದೆಯ ಲೋಳೆಯಲ್ಲಿ ಕೀವು ಕಂಡರೆ ತಡಮಾಡದೆ ಅವರಿಗೆ ತಿಳಿಸಬೇಕು. ತುಂಬು ಗಬ್ಬದ ಹಸು ಕಂದು ಹಾಕಿದರೆ ಬ್ರುಸೆಲ್ಲ ರೋಗವಿರಬಹುದು. ಅದು ಮನುಷ್ಯರಿಗೂ ತಗಲುವಂತಹುದಾದ್ದರಿಂದ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಇದರ ಲಸಿಕೆ ಹಾಕಿಸಬೇಕು. ಬೆದೆಯ ವೇಳೆಯನ್ನೂ ತಪ್ಪಿಸಬಾರದು: ಬೆಳಿಗ್ಗೆ ಕಂಡ ಬೆದೆಗೆ ಸಂಜೆ, ಸಂಜೆ ಕಂಡ ಬೆದೆಗೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು ರೂಢಿ.

ನಗರದ ಬಂಧುಗಳ ಪಾಲು

2023ರಲ್ಲಿ ನಮ್ಮ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬರದ ಪೆಟ್ಟು ಹಾಲಿನ ಪಾತ್ರೆಯಲ್ಲಿ ಕೂಡಲೇ ಕಾಣುತ್ತದೆ. ಆದರೆ ಗಬ್ಬ ತಪ್ಪಿದ ಪೆಟ್ಟು ಕಾಣುವುದು ಮುಂದಿನ ವರ್ಷ, ಮಳೆ ಬಂದು ಹಸಿರು ಚಿಗುರಿದ ಮೇಲೂ ಕೊಟ್ಟಿಗೆಯಲ್ಲಿ ಕರು ಇಲ್ಲದಿರುವಾಗ. ಅಷ್ಟು ಹೊತ್ತಿಗೆ ಕಾರಣವನ್ನು ಎಲ್ಲರೂ ಮರೆತಿರುತ್ತಾರೆ, ಹಸು ಗೊಡ್ಡೆನಿಸಿಕೊಳ್ಳುತ್ತದೆ.

ಊರಿನ ಅಣ್ಣನಿಗೋ ತಮ್ಮನಿಗೋ ಹಸು ಕೊಳ್ಳಲು ಹಣ ಕಳುಹಿಸುವ ನಗರದ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಹಣ ಕೊಳ್ಳುವಾಗ ಮಾತ್ರ ಹೋದರೆ ಸಾಲದು. ‘ಹಸು ಹಾಲು ಬತ್ತಿದೆಯೇ? ಎಷ್ಟನೆಯ ತಿಂಗಳು?’ ಎಂದು ವಿಚಾರಿಸಿ, ಬಟವಾಡೆ ನಿಂತ ಆ ಎರಡು ತಿಂಗಳಿಗೆ ಎರಡು ಮೂಟೆ ಪಶು ಆಹಾರದ ಹಣವನ್ನು ಕಳುಹಿಸಿರಿ. ಗೊಡ್ಡೆಂದು ಮಾರಿದ ಹಸುವಿಗೆ ಬದಲಾಗಿ ಇನ್ನೊಂದನ್ನು ಕೊಳ್ಳುವ ಸಾಲಕ್ಕಿಂತ ಇದು ಎಷ್ಟೋ ಹಗುರ. ಮನೆಯ ಹಿರಿಯರು ಊರಿಗೆ ಹೋದಾಗ ಕೊಟ್ಟಿಗೆಯೊಳಗೆ ಒಮ್ಮೆ ಕಾಲಿಟ್ಟು, ಹಸುವಿನ ಬೆನ್ನ ಮೇಲೆ ಕೈಯಾಡಿಸಿ, ಮಕ್ಕಳಿಗೂ ಅದನ್ನು ಕಲಿಸಲಿ.

ಸಂಕ್ರಾಂತಿಯ ದಿನ ಹಸುವಿನ ಮೈ ತೊಳೆದು, ಅರಿಶಿನ ಹಚ್ಚಿ, ಕೊರಳಿಗೆ ಹೂವು ಕಟ್ಟಿ, ಕಿಚ್ಚು ಹಾಯಿಸುವ ಸಂಪ್ರದಾಯ ನಮ್ಮ ಸೀಮೆಯಲ್ಲಿದೆ. ಅರಿಶಿನ ಹಚ್ಚುವ ಆ ಕೈಗೆ ಎಲುಬು ತಗಲುತ್ತಿದೆಯೇ ಎಂಬುದನ್ನೂ ಗಮನಿಸಬೇಕು. ತಗಲಿದರೆ ಮೊದಲು ಗೋದಲಿ ತುಂಬಲಿ. ಕರು ಆಮೇಲೆ ತಾನಾಗಿಯೇ ಬರುವುದು. ಮೂಕಪ್ರಾಣಿಗೆ ತನ್ನ ಹಸಿವನ್ನು ಹೇಳಿಕೊಳ್ಳಲು ಮಾತಿಲ್ಲ. ಅದರ ಮೈಯೇ ಅದರ ಮಾತು. ಅದನ್ನು ಓದಬಲ್ಲವರು ನಮ್ಮ ಮನೆಮನೆಯಲ್ಲಿಯೂ ಇರಲೆಂಬುದೇ ನಮ್ಮ ಹಾರೈಕೆ.